ಬೆರಳಿನ ಮೇಲಿನ ಗೆರೆ: ಒಂದು ಹೊಸ ಶೋಧ ದೇಶದ ಸೊತ್ತಾಗುವುದು ಹೇಗೆ?



ದ್ವಿತೀಯ ಪಿಯುಸಿಯಲ್ಲಿರುವ ನಿಮ್ಮಲ್ಲಿ ಹಲವರಿಗೆ ಈ ವರ್ಷವೋ ಮುಂದಿನ ವರ್ಷವೋ ಹದಿನೆಂಟು ತುಂಬುತ್ತದೆ. ಅದರ ನಂತರ ಬರುವ ಮೊದಲ ಚುನಾವಣೆಯಲ್ಲಿ ಮತಗಟ್ಟೆಯ ಸಿಬ್ಬಂದಿ ನಿಮ್ಮ ಎಡಗೈ ತೋರುಬೆರಳಿನ ಮೇಲೆ ಒಂದು ಗೆರೆ ಎಳೆಯುತ್ತಾರೆ. ಹಚ್ಚುವಾಗ ನೇರಳೆಯಾಗಿ ಕಾಣುವ ಆ ಗೆರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ. ಸಾಬೂನು ಹಾಕಿ ಉಜ್ಜಿದರೂ ಹೋಗುವುದಿಲ್ಲ.

ಗೆರೆ ಎಳೆಯಲು ಬೇಕಾಗುವುದು ಒಂದು ಹನಿಗಿಂತಲೂ ಕಡಿಮೆ ಶಾಯಿ. ಆದರೆ ಆ ಹನಿ ನಿಮ್ಮ ಬೆರಳಿಗೆ ತಲುಪುವ ಮೊದಲು ಒಂದು ಪ್ರಯೋಗಾಲಯ, ಒಂದು ಆಯೋಗ, ಒಂದು ಕಾರ್ಖಾನೆ, ಒಂದು ನಿಯಮ ಮತ್ತು ಕೋಟ್ಯಂತರ ಜನರ ಒಪ್ಪಿಗೆ, ಇವೆಲ್ಲ ಕೂಡಿ ಕೆಲಸ ಮಾಡಿರುತ್ತವೆ. ಇವುಗಳಲ್ಲಿ ಒಂದು ಕೈಕೊಟ್ಟಿದ್ದರೂ ಆ ಶಾಯಿ ಯಾವುದೋ ಪ್ರಯೋಗಾಲಯದ ಕಪಾಟಿನಲ್ಲೇ ಉಳಿಯುತ್ತಿತ್ತು.

ಸರಕಾರ, ಉದ್ಯಮ ಮತ್ತು ಸಮಾಜ ಒಟ್ಟುಗೂಡಿ ದೇಶದಲ್ಲಿ ನಾವೀನ್ಯತೆ ಬೆಳೆಸುವುದು ಎಂದರೇನು ಎಂಬುದು ಈ ಪಾಠದ ವಿಷಯ. ಅದನ್ನು ನಮಗೆ ಪರಿಚಿತವಾದ ನಾಲ್ಕು ಉದಾಹರಣೆಗಳ ಮೂಲಕ ನೋಡೋಣ. ಅವುಗಳಲ್ಲಿ ಮೂರು ಗೆದ್ದವು, ಒಂದು ಸೋತಿತು. ನಾಲ್ಕಕ್ಕೂ ಕರ್ನಾಟಕದ ನಂಟಿದೆ.

ಆವಿಷ್ಕಾರ ಬೇರೆ, ನಾವೀನ್ಯತೆ ಬೇರೆ

ಮೊದಲು ಎರಡು ಪದಗಳ ವ್ಯತ್ಯಾಸ ತಿಳಿದುಕೊಳ್ಳಿ. ಈವರೆಗೆ ಇಲ್ಲದಿದ್ದ ಒಂದು ವಸ್ತುವನ್ನೋ ವಿಧಾನವನ್ನೋ ಕಂಡುಹಿಡಿಯುವುದು ಆವಿಷ್ಕಾರ. ಅದನ್ನು ಜನ ನಿಜವಾಗಿ ಬಳಸುವಂತೆ ಮಾಡುವುದು ನಾವೀನ್ಯತೆ. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಗುರುತಿಸಿದವರಲ್ಲಿ ಪ್ರಮುಖರು. ವಾಣಿಜ್ಯ ವಿಭಾಗದವರು ಉದ್ಯಮಶೀಲತೆಯ ಪಾಠದಲ್ಲಿ ಅವರ ಹೆಸರು ಕೇಳಿರಬಹುದು.

1980ರ ದಶಕದಲ್ಲಿ ಕ್ರಿಸ್ಟೋಫರ್ ಫ್ರೀಮನ್ ಎಂಬ ಬ್ರಿಟಿಷ್ ವಿದ್ವಾಂಸರು ಜಪಾನಿನ ಏಳಿಗೆಯನ್ನು ಅಧ್ಯಯನ ಮಾಡಿ 'ರಾಷ್ಟ್ರೀಯ ನಾವೀನ್ಯತಾ ವ್ಯವಸ್ಥೆ' ಎಂಬ ಪರಿಕಲ್ಪನೆಯನ್ನು ಬೆಳೆಸಿದರು. ಒಬ್ಬ ಬುದ್ಧಿವಂತ ಅಥವಾ ಒಂದು ದೊಡ್ಡ ಕಂಪೆನಿಯಿಂದ ಮಾತ್ರ ದೇಶ ಮುಂದೆ ಬರುವುದಿಲ್ಲ. ಸಂಸ್ಥೆಗಳ ನಡುವಿನ ಕೊಡುಕೊಳ್ಳುವಿಕೆಯಿಂದ ಬರುತ್ತದೆ ಎಂಬುದು ಅದರ ತಿರುಳು. 1990ರ ದಶಕದಲ್ಲಿ ಹೆನ್ರಿ ಎಟ್ಸ್‌ಕೊವಿಟ್ಸ್ ಮತ್ತು ಲೂಟ್ ಲೇಡೆಸ್‌ಡಾರ್ಫ್ ಇದನ್ನು ವಿಶ್ವವಿದ್ಯಾಲಯ, ಉದ್ಯಮ, ಸರಕಾರ ಎಂಬ ಮೂರು ಎಳೆಗಳ ಹಗ್ಗಕ್ಕೆ ಹೋಲುವ ಮಾದರಿಯಾಗಿ ವಿವರಿಸಿದರು. ಬಳಿಕ ಬಂದವರು ನಾಲ್ಕನೆಯ ಎಳೆಯನ್ನು ಸೇರಿಸಿದರು. ಅದು ಸಮಾಜ, ಅಂದರೆ ಬಳಸುವ ಜನ. ಈ ನಾಲ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿ.

ಮೊದಲ ಉದಾಹರಣೆ: ಅಳಿಸಲಾಗದ ಶಾಯಿ

1951ರ ಅಕ್ಟೋಬರ್‌ನಿಂದ 1952ರ ಫೆಬ್ರವರಿವರೆಗೆ ಸ್ವತಂತ್ರ ಭಾರತದ ಮೊದಲ ಮಹಾಚುನಾವಣೆ ನಡೆಯಿತು. ಮತದಾರರ ಸಂಖ್ಯೆ 17 ಕೋಟಿಗೂ ಹೆಚ್ಚು. ಅವರಲ್ಲಿ ಬಹುಪಾಲು ಜನರಿಗೆ ಓದು ಬರಹ ಬಾರದು. ಭಾವಚಿತ್ರವಿರುವ ಗುರುತಿನ ಚೀಟಿ ಯಾರಲ್ಲೂ ಇರಲಿಲ್ಲ. ಹೀಗಿರುವಾಗ ಒಬ್ಬನೇ ಎರಡು ಸಲ ಮತ ಹಾಕಿದರೆ ಕಂಡುಹಿಡಿಯುವುದು ಹೇಗೆ? ಇದು ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅವರ ಮುಂದಿದ್ದ ಪ್ರಶ್ನೆ.

ಇದೇನು ದೊಡ್ಡ ಸಮಸ್ಯೆಯೇ ಎಂದು ನಿಮಗೆ ಅನಿಸಬಹುದು. ಖಂಡಿತ ದೊಡ್ಡದು. ಜಮೀನು, ಹಣ, ಓದು, ಅಧಿಕಾರ ಯಾವುದರಲ್ಲೂ ನಮ್ಮ ಜನ ಅಂದು ಸಮಾನರಾಗಿರಲಿಲ್ಲ. ಕೂಲಿಯವನಿಗೂ ಧಣಿಗೂ ಸರಿಸಮವಾಗಿ ಸಿಕ್ಕಿದ್ದು ಒಂದೇ ಒಂದು, ಅದು ಮತ. ಇನ್ನೊಬ್ಬನ ಹೆಸರಿನಲ್ಲಿ ಯಾರೋ ಮತ ಹಾಕಿಬಿಟ್ಟರೆ ಬಡವನ ಕೈಯಲ್ಲಿದ್ದ ಆ ಒಂದೂ ಹೋದಂತೆ. ಹಾಗಾಗಿ ಸಮಸ್ಯೆ ಆಯೋಗದ್ದಾದರೂ ಅದರ ಬಿಸಿ ತಟ್ಟುವುದು ಸಾಮಾನ್ಯನಿಗೆ.

ವಿಜ್ಞಾನಿಗಳು ಕೊಟ್ಟ ಉತ್ತರ ಬೆರಳಿಗೆ ಹಚ್ಚಿದರೆ ದಿನಗಟ್ಟಲೆ ಉಳಿಯುವ ಶಾಯಿ. ಮೊದಲ ಚುನಾವಣೆಯಲ್ಲೇ ಇದು ಬಳಕೆಗೆ ಬಂತು. ಇದರ ಆರಂಭದ ಶೋಧನೆಯ ಜೊತೆ ಸಲೀಮುಝ್ಝಮಾನ್ ಸಿದ್ದೀಕಿ ಎಂಬ ರಸಾಯನಶಾಸ್ತ್ರಜ್ಞರ ಹೆಸರು ಕೇಳಿಬರುತ್ತದೆ. ಸರ್ಪಗಂಧದ ಬೇರಿನಿಂದ ಒಂದು ಔಷಧೀಯ ಕ್ಷಾರಾಭವನ್ನು ಬೇರ್ಪಡಿಸಿ, ತಮ್ಮ ಗುರುಸ್ಥಾನದಲ್ಲಿದ್ದ ಹಕೀಂ ಅಜ್ಮಲ್ ಖಾನರ ನೆನಪಿಗೆ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟವರು ಇವರೇ. ಬಳಿಕ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಶಾಯಿಯ ಸೂತ್ರವನ್ನು ಪರಿಷ್ಕರಿಸಿತು.

ಶಾಯಿಯೊಳಗಿನ ರಸಾಯನಶಾಸ್ತ್ರ

ವಿಜ್ಞಾನ ವಿಭಾಗದವರಿಗೆ ಇದು ಹೊಸದಲ್ಲ. ಲವಣ ವಿಶ್ಲೇಷಣೆಯ ಪ್ರಯೋಗದಲ್ಲಿ ಕ್ಲೋರೈಡ್ ಇದೆಯೇ ಎಂದು ನೋಡಲು ನೀವು ಬಳಸುವ ಸಿಲ್ವರ್ ನೈಟ್ರೇಟ್ ಈ ಶಾಯಿಯ ಮುಖ್ಯ ವಸ್ತು. ದ್ರಾವಣಕ್ಕೆ ಅದನ್ನು ಹಾಕಿದೊಡನೆ ಮೊಸರಿನಂತೆ ಬಿಳಿ ಒತ್ತರ ಬರುವುದು ನಿಮಗೆ ಗೊತ್ತು. ಆ ಬಾಟಲಿಯನ್ನು ಕಂದು ಬಣ್ಣದ ಗಾಜಿನಲ್ಲಿ ಇಡುವುದೇಕೆ ಎಂದು ಪ್ರಯೋಗಾಲಯದಲ್ಲಿ ಕೇಳಿದ್ದೀರಾ? ಬೆಳಕು ಬಿದ್ದರೆ ಸಿಲ್ವರ್ ಲವಣಗಳು ವಿಭಜನೆಗೊಂಡು ಕಪ್ಪಾಗುತ್ತವೆ. ಕೈಗೆ ತಾಗಿಸಿಕೊಂಡವರಿಗೆ ಮರುದಿನ ಕಾಣುವ ಕಪ್ಪು ಕಲೆಯೂ ಅದರದ್ದೇ.

ಶಾಯಿ ಬೆರಳಿಗೆ ತಾಗಿದಾಗ ಸಿಲ್ವರ್ ಅಯಾನುಗಳು ಚರ್ಮದ ಬೆವರಿನ ಕ್ಲೋರೈಡ್ ಮತ್ತು ಹೊರಪದರದ ಪ್ರೋಟೀನುಗಳ ಜೊತೆ ಸೇರಿಕೊಳ್ಳುತ್ತವೆ. ಬೆಳಕಿಗೆ ಅವು ಲೋಹದ ಬೆಳ್ಳಿಯ ಅತಿಸೂಕ್ಷ್ಮ ಕಣಗಳಾಗಿ ಕಪ್ಪಾಗುತ್ತವೆ. ಈ ಕಲೆ ಚರ್ಮದ ಮೇಲೆ ಅಂಟಿದ ಬಣ್ಣವಲ್ಲ, ಚರ್ಮದ ಹೊರಪದರದಲ್ಲೇ ಬೆರೆತದ್ದು. ಆದ್ದರಿಂದ ನೀರಿಗೂ ಸಾಬೂನಿಗೂ ಬಗ್ಗುವುದಿಲ್ಲ. ಹಳೆಯ ಕೋಶಗಳು ಉದುರಿದಂತೆ ಚರ್ಮದ ಮೇಲಿನ ಕಲೆ ಕೆಲವು ದಿನಗಳಲ್ಲಿ ಮಾಸುತ್ತದೆ. ಉಗುರಿನ ಮೇಲಿನದ್ದು ಉಗುರು ಬೆಳೆದು ಕತ್ತರಿಸುವವರೆಗೆ ವಾರಗಟ್ಟಲೆ ಉಳಿಯುತ್ತದೆ.

ವಿಜ್ಞಾನದ ಭಾಗ ಇಷ್ಟೇ. ಎರಡು ವರ್ಷದ ಪಿಯುಸಿಯಲ್ಲಿ ಅರ್ಥವಾಗುವಂಥದ್ದು. ಆದರೆ ಇಷ್ಟರಿಂದ ಚುನಾವಣೆ ನಡೆಯುವುದಿಲ್ಲ.

ಪ್ರಯೋಗಾಲಯದಿಂದ ಬನ್ನಿಮಂಟಪಕ್ಕೆ

ಬೀಕರಿನಲ್ಲಿ ನೂರು ಮಿಲಿಲೀಟರ್ ತಯಾರಿಸುವುದಕ್ಕೂ ದೇಶದ ಪ್ರತಿಯೊಂದು ಮತಗಟ್ಟೆಗೆ ಒಂದೇ ಗುಣಮಟ್ಟದ ಸೀಸೆ ತಲುಪಿಸುವುದಕ್ಕೂ ಅಜಗಜಾಂತರ. ಇಲ್ಲಿ ಮೈಸೂರು ಬರುತ್ತದೆ.

1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಕಾರ್ಖಾನೆ ಆರಂಭವಾಯಿತು. ಕಾಡಿನಲ್ಲಿ ಸಿಗುವ ಅರಗಿನಿಂದ ಬಣ್ಣ, ಮುದ್ರೆಯ ಅರಗು ಮುಂತಾದವನ್ನು ತಯಾರಿಸುವುದು ಅದರ ಕೆಲಸ. ಸ್ವಾತಂತ್ರ್ಯಾನಂತರ ಅದು ರಾಜ್ಯ ಸರಕಾರದ ಕೈಗೆ ಬಂತು. 1962ರ ಮೂರನೆಯ ಮಹಾಚುನಾವಣೆಯ ಹೊತ್ತಿಗೆ ಚುನಾವಣಾ ಆಯೋಗ, ಕೇಂದ್ರ ಕಾನೂನು ಸಚಿವಾಲಯ, ರಾಷ್ಟ್ರೀಯ ಭೌತ ಪ್ರಯೋಗಾಲಯ ಮತ್ತು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ಸೇರಿ ಈ ಕಾರ್ಖಾನೆಗೆ ಶಾಯಿ ತಯಾರಿಸುವ ಹೊಣೆ ಕೊಟ್ಟವು. ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಶ್ ಎಂಬ ಹೆಸರಿನಲ್ಲಿ ಅದೇ ಸಂಸ್ಥೆ ಬನ್ನಿಮಂಟಪದಲ್ಲಿ ನಡೆಯುತ್ತಿದೆ. ದೇಶದ ಲೋಕಸಭೆ ಮತ್ತು ವಿಧಾನಸಭೆ ಚುನಾವಣೆಗಳಿಗೆ ಶಾಯಿ ಹೋಗುವುದು ಅಲ್ಲಿಂದಲೇ.

ಹತ್ತು ಮಿಲಿಲೀಟರಿನ ಒಂದು ಸೀಸೆ ಸುಮಾರು 700 ಮತದಾರರಿಗೆ ಸಾಕು. 2024ರ ಲೋಕಸಭಾ ಚುನಾವಣೆಗೆ 26 ಲಕ್ಷಕ್ಕೂ ಹೆಚ್ಚು ಸೀಸೆಗಳು ಬೇಕಾದವು. ಆ ಚುನಾವಣೆಯ ಮತದಾರರು ಸುಮಾರು 97 ಕೋಟಿ. ಮಲೇಷ್ಯಾ, ಕಾಂಬೋಡಿಯಾ, ದಕ್ಷಿಣ ಆಫ್ರಿಕಾ ಸೇರಿದಂತೆ ಇಪ್ಪತ್ತೈದಕ್ಕೂ ಹೆಚ್ಚು ದೇಶಗಳಿಗೂ ಈ ಶಾಯಿ ರಫ್ತಾಗಿದೆ. ಅಂಗಡಿಯಲ್ಲಿ ಮಾತ್ರ ಇದು ಸಿಗುವುದಿಲ್ಲ. ಚುನಾವಣೆ ನಡೆಸುವ ಅಧಿಕೃತ ಸಂಸ್ಥೆಗಳಿಗಷ್ಟೇ ಮಾರಾಟ.

ಇಲ್ಲಿ ಸರಕಾರ ಮಾಡಿದ ಕೆಲಸವನ್ನು ಗಮನಿಸಿ. ಅದು ಸಂಶೋಧನೆಗೆ ಹಣ ಕೊಟ್ಟು ಸುಮ್ಮನಾಗಲಿಲ್ಲ. ತಾನೇ ಮೊದಲ ಗ್ರಾಹಕನಾಯಿತು. ಪ್ರತಿ ಚುನಾವಣೆಗೂ ಕೊಂಡುಕೊಳ್ಳುತ್ತೇನೆ ಎಂಬ ಭರವಸೆ ಇದ್ದುದರಿಂದ ಕಾರ್ಖಾನೆ ಅರವತ್ತು ವರ್ಷಗಳಿಂದ ಆ ಕೌಶಲವನ್ನು ಉಳಿಸಿಕೊಂಡಿದೆ.

ಇನ್ನು ನಿಯಮ. 1961ರ ಚುನಾವಣಾ ನಿಯಮಗಳ ಪ್ರಕಾರ ಮತದಾರರ ಎಡಗೈ ತೋರುಬೆರಳನ್ನು ಪರೀಕ್ಷಿಸಿ ಗುರುತು ಹಾಕಬೇಕು. ಮೊದಲೇ ಗುರುತಿದ್ದರೆ, ಅಥವಾ ಹಾಕಲು ಬಿಡದಿದ್ದರೆ, ಮತದಾನಕ್ಕೆ ಅವಕಾಶವಿಲ್ಲ. ತೋರುಬೆರಳು ಇಲ್ಲದವರಿಗೆ ಎಡಗೈಯ ಬೇರೆ ಬೆರಳು, ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಯದ್ದು, ಎರಡೂ ಕೈಗಳಲ್ಲಿ ಬೆರಳಿಲ್ಲದಿದ್ದರೆ ಇರುವ ಕೈಯ ತುದಿಗೆ ಎಂದು ನಿಯಮ ಹೇಳುತ್ತದೆ. ಅಂಗವಿಕಲರನ್ನೂ ಕೃಷಿಕೂಲಿಯಲ್ಲಿ ಬೆರಳು ಕಳೆದುಕೊಂಡವರನ್ನೂ ನೆನಪಿಟ್ಟುಕೊಂಡು ಬರೆದ ನಿಯಮವಿದು. ಹೊಸ ಶೋಧ ಎಲ್ಲರಿಗೂ ತಲುಪಬೇಕಾದರೆ ಇಂಥ ಸಣ್ಣ ವಿವರಗಳನ್ನು ಯಾರಾದರೂ ಕುಳಿತು ಯೋಚಿಸಲೇಬೇಕು.

ಎರಡನೆಯ ಉದಾಹರಣೆ: ಮತಯಂತ್ರ ಮತ್ತು ನ್ಯಾಯಾಲಯ

ಯಂತ್ರ ಸಿದ್ಧವಿದ್ದರೂ ಕಾನೂನು ಸಿದ್ಧವಿರದಿದ್ದರೆ ಏನಾಗುತ್ತದೆ? ಉತ್ತರ ಕೇರಳದ ಪರವೂರಿನಲ್ಲಿದೆ.

ಎಲೆಕ್ಟ್ರಾನಿಕ್ ಮತಯಂತ್ರವನ್ನು ರೂಪಿಸಿದ್ದು ಸಾರ್ವಜನಿಕ ವಲಯದ ಎರಡು ಸಂಸ್ಥೆಗಳು, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಶನ್. 1982ರ ಮೇ ತಿಂಗಳಲ್ಲಿ ಪರವೂರು ವಿಧಾನಸಭಾ ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದನ್ನು ಮೊದಲ ಬಾರಿಗೆ ಬಳಸಲಾಯಿತು. ಸೋತ ಅಭ್ಯರ್ಥಿ ಎ.ಸಿ. ಜೋಸ್ ನ್ಯಾಯಾಲಯದ ಮೆಟ್ಟಿಲೇರಿದರು. 1984ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಯಂತ್ರ ಕೆಟ್ಟಿತ್ತು ಎಂದು ನ್ಯಾಯಾಲಯ ಹೇಳಲಿಲ್ಲ. ಕಾನೂನಿನಲ್ಲಿ ಮತಪತ್ರದ ವಿಧಾನ ಮಾತ್ರ ಇದೆ, ಸಂಸತ್ತು ಒಪ್ಪದ ವಿಧಾನವನ್ನು ಆಯೋಗ ತಾನಾಗಿಯೇ ತರುವಂತಿಲ್ಲ ಎಂದಿತು. ಆ 50 ಮತಗಟ್ಟೆಗಳಲ್ಲಿ ಮತಪತ್ರದ ಮೂಲಕ ಮರುಮತದಾನ ನಡೆದು ಫಲಿತಾಂಶವೇ ಬದಲಾಯಿತು.

1988ರ ಕೊನೆಯಲ್ಲಿ ಸಂಸತ್ತು ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ತಂದಿತು. 1989ರ ಮಾರ್ಚ್‌ನಲ್ಲಿ ಅದು ಜಾರಿಗೆ ಬಂತು. ಆಮೇಲೂ ಅವಸರ ಮಾಡಲಿಲ್ಲ. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ ಮತ್ತು ದೆಹಲಿಯ 16 ಕ್ಷೇತ್ರಗಳಲ್ಲಿ ಪ್ರಯೋಗ ನಡೆಯಿತು. 2004ರಲ್ಲಿ ಲೋಕಸಭೆಯ ಎಲ್ಲ 543 ಕ್ಷೇತ್ರಗಳಲ್ಲೂ ಯಂತ್ರ ಬಂತು. ಮೊದಲ ಬಳಕೆಯಿಂದ ಪೂರ್ಣ ಬಳಕೆಗೆ 22 ವರ್ಷ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ನಾನು ಒತ್ತಿದ ಗುಂಡಿಗೇ ಮತ ಬಿತ್ತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಜನ ಕೇಳಿದರು. ಈ ಪ್ರಶ್ನೆ ನ್ಯಾಯಾಲಯಕ್ಕೂ ಹೋಯಿತು. ಅದರಿಂದ ಬಂದದ್ದೇ ಮತ ಖಾತ್ರಿಯ ಕಾಗದದ ಚೀಟಿ, ಅಂದರೆ ವಿವಿಪ್ಯಾಟ್. 2013ರಲ್ಲಿ ನಾಗಾಲ್ಯಾಂಡಿನ ನೊಕ್ಸೆನ್ ಕ್ಷೇತ್ರದಲ್ಲಿ ಮೊದಲು ಬಳಸಿ, 2019ರ ಲೋಕಸಭಾ ಚುನಾವಣೆಯಲ್ಲಿ ಎಲ್ಲ ಕಡೆಗೆ ವಿಸ್ತರಿಸಲಾಯಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.

ನಾವೀನ್ಯತೆಯಲ್ಲಿ ಸಮಾಜದ ಪಾತ್ರ ಎಂದರೆ ಕೊಟ್ಟದ್ದನ್ನು ತೆಗೆದುಕೊಂಡು ಸುಮ್ಮನಿರುವುದಲ್ಲ ಎಂಬುದನ್ನು ಈ ಉದಾಹರಣೆ ತೋರಿಸುತ್ತದೆ. ಸೋತ ಅಭ್ಯರ್ಥಿ, ಸಂಶಯ ಪಟ್ಟ ಮತದಾರ, ಅರ್ಜಿ ಹಾಕಿದ ನಾಗರಿಕ, ಇವರೂ ಆ ಯಂತ್ರವನ್ನು ಕಟ್ಟಿದವರೇ. ಮೊದಲನೆಯವರು ಕಾನೂನನ್ನು ತರಿಸಿದರು, ನಂತರದವರು ಕಾಗದದ ಚೀಟಿಯನ್ನು ತರಿಸಿದರು. ಪ್ರಶ್ನೆ ಕೇಳಿದವನನ್ನು ವೈರಿ ಎಂದು ತಿಳಿಯುವ ಕಡೆ ವಸ್ತುವೂ ಸುಧಾರಿಸುವುದಿಲ್ಲ, ನಂಬಿಕೆಯೂ ಬೆಳೆಯುವುದಿಲ್ಲ.

ಮೂರನೆಯ ಉದಾಹರಣೆ: ಎಮ್ಮೆ ಹಾಲಿನಿಂದ ಶಿಶು ಆಹಾರ

ಮೊದಲ ಎರಡರಲ್ಲಿ ಸರಕಾರದ ಕೈ ದೊಡ್ಡದು. ಇದರಲ್ಲಿ ರೈತರದ್ದು.

1946ರ ಡಿಸೆಂಬರ್‌ನಲ್ಲಿ ಗುಜರಾತಿನ ಖೇಡಾ ಜಿಲ್ಲೆಯ ಹಾಲು ಉತ್ಪಾದಕರು ತ್ರಿಭುವನದಾಸ್ ಪಟೇಲರ ನೇತೃತ್ವದಲ್ಲಿ ಸಹಕಾರ ಸಂಘ ಕಟ್ಟಿಕೊಂಡರು. ಇಂದಿನ ಅಮುಲ್ ಅದೇ. ಅವರಲ್ಲಿದ್ದುದು ಹೆಚ್ಚಾಗಿ ಎಮ್ಮೆ ಹಾಲು. ಚಳಿಗಾಲದಲ್ಲಿ ಹಾಲು ಉಕ್ಕಿ ಹರಿಯುತ್ತದೆ, ಬೇಸಿಗೆಯಲ್ಲಿ ಬತ್ತುತ್ತದೆ. ಹೆಚ್ಚಾದ ಹಾಲನ್ನು ಪುಡಿ ಮಾಡಿಟ್ಟರೆ ಮಾತ್ರ ರೈತನಿಗೆ ವರ್ಷವಿಡೀ ಬೆಲೆ ಸಿಗುತ್ತದೆ. ಆದರೆ ಎಮ್ಮೆ ಹಾಲನ್ನು ಪುಡಿ ಮಾಡಲಾಗದು ಎಂಬುದು ಆ ಕಾಲದ ವಿದೇಶಿ ತಜ್ಞರ ಅಭಿಪ್ರಾಯ. ಅವರ ದೇಶಗಳಲ್ಲಿ ಇದ್ದದ್ದು ಹಸುವಿನ ಹಾಲು. ಎಮ್ಮೆ ಹಾಲಿನ ಬಗ್ಗೆ ಯೋಚಿಸುವ ಅಗತ್ಯ ಅವರಿಗೆ ಬಂದಿರಲಿಲ್ಲ. ವರ್ಗೀಸ್ ಕುರಿಯನ್ ಅವರ ಸಹೋದ್ಯೋಗಿ ಎಚ್.ಎಂ. ದಲಾಯ ಅದನ್ನು ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ಆನಂದದಲ್ಲಿ ಎಮ್ಮೆ ಹಾಲಿನ ಪುಡಿಯ ಘಟಕ ಉದ್ಘಾಟನೆಯಾಯಿತು.

ಮುಂದಿನ ಹೆಜ್ಜೆ ಮೈಸೂರಿನದ್ದು. ಆಗ ಶಿಶು ಆಹಾರ ಹೊರದೇಶದಿಂದ ಬರುತ್ತಿತ್ತು. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಅದು ಹೊಟ್ಟೆಯಲ್ಲಿ ಗಟ್ಟಿಯಾಗಿ ಒಡೆಯುತ್ತದೆ; ಎಳೆಯ ಮಗುವಿಗೆ ಜೀರ್ಣವಾಗುವುದು ಕಷ್ಟ. 1950ರಲ್ಲಿ ಚೆಲುವಾಂಬ ವಿಲಾಸ ಅರಮನೆಯಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಎಮ್ಮೆ ಹಾಲನ್ನು ಮಗುವಿಗೆ ಹೊಂದುವಂತೆ ಮಾರ್ಪಡಿಸುವ ವಿಧಾನವನ್ನು ಕಂಡುಹಿಡಿದರು. ಖೇಡಾ ಸಂಘ ಆ ವಿಧಾನವನ್ನು ತೆಗೆದುಕೊಂಡು ದೊಡ್ಡ ಪ್ರಮಾಣದಲ್ಲಿ ತಯಾರಿಸಿತು. ತಾಯಿಯ ಹಾಲಿಗೆ ಸಮನಾದದ್ದು ಬೇರೆ ಇಲ್ಲ ಎಂಬುದು ಇಂದಿಗೂ ವೈದ್ಯರ ಮಾತು. ಆದರೆ ಅನಿವಾರ್ಯವಾಗಿ ಡಬ್ಬಿಯ ಆಹಾರ ಬೇಕಾದ ಮಕ್ಕಳಿಗೆ ನಮ್ಮದೇ ದೇಶದ ಉತ್ತರ ಸಿಕ್ಕಿತು. ಎಮ್ಮೆ ಸಾಕಿದವರಿಗೆ ಇನ್ನೊಂದು ಮಾರುಕಟ್ಟೆ ಸಿಕ್ಕಿತು.

ನಮ್ಮ ಸಮಸ್ಯೆಗೆ ಹೊರಗಿನವರ ಪುಸ್ತಕದಲ್ಲಿ ಯಾವಾಗಲೂ ಉತ್ತರ ಇರುವುದಿಲ್ಲ. ನಮ್ಮ ಕೊಟ್ಟಿಗೆಯಲ್ಲಿ ಏನಿದೆಯೋ ಅದರಿಂದ ಆರಂಭಿಸಿದವರು ಗೆದ್ದರು.

ನಾಲ್ಕನೆಯ ಉದಾಹರಣೆ: ಗೆಲ್ಲಬೇಕಿದ್ದ ಸಿಂಪ್ಯೂಟರ್

1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಸಾಫ್ಟ್‌ವೇರ್ ಕಂಪೆನಿಯ ತಂತ್ರಜ್ಞರು ಸೇರಿ ಒಂದು ಟ್ರಸ್ಟ್ ಮಾಡಿಕೊಂಡರು. ಸಾಮಾನ್ಯರ ಕೈಗೆಟಕುವ, ಅಂಗೈಯಲ್ಲಿ ಹಿಡಿಯುವ ಕಂಪ್ಯೂಟರ್ ಅವರ ಗುರಿ. ಅದಕ್ಕೆ ಸಿಂಪ್ಯೂಟರ್ ಎಂದು ಹೆಸರಿಟ್ಟರು. ಬೆರಳಿನಿಂದಲೋ ಕಡ್ಡಿಯಿಂದಲೋ ಮುಟ್ಟಿ ಬಳಸುವ ಪರದೆ, ಉಚಿತ ಲಿನಕ್ಸ್ ವ್ಯವಸ್ಥೆ, ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ಬರಹವನ್ನು ಓದಿ ಹೇಳುವ ಸೌಲಭ್ಯ ಅದರಲ್ಲಿತ್ತು. ಒಂದು ಹಳ್ಳಿಯವರೆಲ್ಲ ಹಂಚಿಕೊಂಡು ಬಳಸಲೆಂದು ಸ್ಮಾರ್ಟ್ ಕಾರ್ಡ್ ವ್ಯವಸ್ಥೆಯೂ ಇತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನಪಿಡಿ.

2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 'ಅಮಿಡಾ' ಎಂಬ ಹೆಸರಿನ ಮಾದರಿ ಮಾರುಕಟ್ಟೆಗೆ ಬಂತು. ಆರಂಭದ ಬೆಲೆ ಸುಮಾರು ಹತ್ತು ಸಾವಿರ ರೂಪಾಯಿ. ಮಾರಾಟವಾದದ್ದು ಕೆಲವೇ ಸಾವಿರ.

ಕಾರಣವೇನು? ಪ್ರಯೋಗಾಲಯದ ಎಳೆ ಗಟ್ಟಿಯಾಗಿತ್ತು. ತಯಾರಕರೂ ಇದ್ದರು. ಆದರೆ ಶಾಯಿಗೆ ಚುನಾವಣಾ ಆಯೋಗ ಇದ್ದಂತೆ ಇದಕ್ಕೆ ಲಕ್ಷಗಟ್ಟಲೆ ಕೊಳ್ಳುವ ಖಚಿತ ಗ್ರಾಹಕ ಇರಲಿಲ್ಲ. ಸರಕಾರಿ ಇಲಾಖೆಗಳ ಖರೀದಿ ಅಲ್ಲೊಂದು ಇಲ್ಲೊಂದು ಎಂಬಷ್ಟಕ್ಕೇ ನಿಂತಿತು. ಕಡಿಮೆ ಸಂಖ್ಯೆಯಲ್ಲಿ ತಯಾರಿಸಿದರೆ ಬೆಲೆ ಇಳಿಯುವುದಿಲ್ಲ. ಬೆಲೆ ಇಳಿಯದಿದ್ದರೆ ಬಡವ ಕೊಳ್ಳುವುದಿಲ್ಲ. ಅದೇ ಹೊತ್ತಿಗೆ ಅಗ್ಗದ ಮೊಬೈಲ್ ಫೋನ್‌ಗಳು ಹಳ್ಳಿಹಳ್ಳಿಗೂ ನುಗ್ಗಿದವು. ಜನರಿಗೆ ಮೊದಲು ಬೇಕಿದ್ದದ್ದು ಮಾತನಾಡುವ ಸಾಧನ. ಅದನ್ನು ಮೊಬೈಲ್ ಕೊಟ್ಟಿತು.

ಸಿಂಪ್ಯೂಟರನ್ನು ತಯಾರಿಸಿದವರನ್ನು ಹಗುರವಾಗಿ ಕಾಣಬೇಡಿ. ಅವರ ಆವಿಷ್ಕಾರ ಕಾಲಕ್ಕಿಂತ ಮುಂದಿತ್ತು. ಆದರೆ ನಾಲ್ಕು ಎಳೆಗಳ ಹಗ್ಗದಲ್ಲಿ ಎರಡು ಎಳೆ ಸಡಿಲವಿದ್ದರೆ ಎಷ್ಟು ಒಳ್ಳೆಯ ಶೋಧವೂ ಬಾವಿಯಿಂದ ಮೇಲೆ ಬರುವುದಿಲ್ಲ.

ಇಂದು ದೇಶ ಎಲ್ಲಿದೆ?

ಈಗ ಸ್ವಲ್ಪ ಲೆಕ್ಕ ನೋಡೋಣ. 2020-21ರಲ್ಲಿ ಭಾರತ ತನ್ನ ಒಟ್ಟು ದೇಶೀಯ ಉತ್ಪನ್ನದ ಶೇ. 0.64ರಷ್ಟನ್ನು ಸಂಶೋಧನೆ ಮತ್ತು ಅಭಿವೃದ್ಧಿಗೆ ಖರ್ಚು ಮಾಡಿತು. ಚೀನಾ ಶೇ. 2ಕ್ಕಿಂತ ಹೆಚ್ಚು, ದಕ್ಷಿಣ ಕೊರಿಯಾ ಶೇ. 4ಕ್ಕಿಂತ ಹೆಚ್ಚು ಖರ್ಚು ಮಾಡುತ್ತವೆ. ಇನ್ನೊಂದು ವ್ಯತ್ಯಾಸ ಇದಕ್ಕಿಂತಲೂ ಮುಖ್ಯ. ಆ ದೇಶಗಳಲ್ಲಿ ಈ ಖರ್ಚಿನ ಬಹುಪಾಲು ಖಾಸಗಿ ಉದ್ಯಮದ್ದು. ನಮ್ಮಲ್ಲಿ ಉದ್ಯಮದ ಪಾಲು ಮೂರನೇ ಒಂದು ಭಾಗದಷ್ಟು ಮಾತ್ರ. ಉಳಿದ ಹೊರೆ ಹೆಚ್ಚಾಗಿ ಸರಕಾರದ ಮೇಲಿದೆ. ಅಂದರೆ ನಮ್ಮ ಹಗ್ಗದಲ್ಲಿ ಉದ್ಯಮದ ಎಳೆ ತೆಳುವಾಗಿದೆ.

ಇದನ್ನು ಸರಿಪಡಿಸುವ ಯತ್ನಗಳು ನಡೆದಿವೆ. 2023ರಲ್ಲಿ ಸಂಸತ್ತು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದ ಕಾಯ್ದೆಯನ್ನು ಅಂಗೀಕರಿಸಿತು. ಐದು ವರ್ಷಗಳಲ್ಲಿ 50,000 ಕೋಟಿ ರೂಪಾಯಿ ಅದರ ಗುರಿ. ಅದರ ಬಹುಭಾಗ ಸರಕಾರದ ಹೊರಗಿನಿಂದ ಬರಬೇಕೆಂಬುದು ಯೋಜನೆ. 2025ರಲ್ಲಿ ಕೇಂದ್ರ ಸಚಿವ ಸಂಪುಟ ಖಾಸಗಿ ವಲಯದ ಸಂಶೋಧನೆಗೆ ಕಡಿಮೆ ಬಡ್ಡಿಯ ದೀರ್ಘಾವಧಿ ನೆರವು ಕೊಡಲು ಒಂದು ಲಕ್ಷ ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಶಾಲಾ ಮಟ್ಟದಲ್ಲಿ ಅಟಲ್ ಇನ್ನೋವೇಶನ್ ಮಿಷನ್ ಅಡಿ ಹತ್ತು ಸಾವಿರದಷ್ಟು ಟಿಂಕರಿಂಗ್ ಪ್ರಯೋಗಾಲಯಗಳು ಬಂದಿವೆ. ಜಾಗತಿಕ ನಾವೀನ್ಯತಾ ಸೂಚ್ಯಂಕದಲ್ಲಿ 2015ರಲ್ಲಿ 81ನೆಯ ಸ್ಥಾನದಲ್ಲಿದ್ದ ಭಾರತ 2024ರಲ್ಲಿ 39ಕ್ಕೆ ಏರಿತು.

ಹಣ ಮತ್ತು ಸ್ಥಾನ ಎರಡೂ ಸಂತೋಷದ ವಿಷಯವೇ. ಆದರೆ ಈವರೆಗಿನ ಉದಾಹರಣೆಗಳನ್ನು ಓದಿದ ನೀವು ಇನ್ನೂ ಎರಡು ಪ್ರಶ್ನೆ ಕೇಳಬೇಕು. ಈ ಹಣದಿಂದ ಹುಟ್ಟುವ ವಸ್ತುವನ್ನು ಮೊದಲು ಕೊಳ್ಳುವವರು ಯಾರು? ಅದರಿಂದ ಯಾರ ಕಷ್ಟ ಕಡಿಮೆಯಾಗುತ್ತದೆ?

ನಮ್ಮ ಕಾಲೇಜಿನ ಮಟ್ಟದಲ್ಲಿ

ಪ್ರತಿ ವರ್ಷ ವಿಜ್ಞಾನ ಪ್ರದರ್ಶನಕ್ಕೆ ಮಾದರಿಗಳು ತಯಾರಾಗುತ್ತವೆ. ಥರ್ಮೋಕೋಲ್, ತಂತಿ, ಬಲ್ಬು, ಬಹುಮಾನ, ಫೋಟೊ. ಮರುವಾರ ಆ ಮಾದರಿ ಎಲ್ಲಿರುತ್ತದೆ ಎಂದು ಕೇಳಿದರೆ ಹೆಚ್ಚಿನ ಕಾಲೇಜುಗಳಲ್ಲಿ ಉತ್ತರ ಒಂದೇ. ಇದನ್ನು ಬದಲಿಸಲು ದೊಡ್ಡ ಹಣ ಬೇಕಿಲ್ಲ. ಮಾದರಿ ಆರಂಭಿಸುವ ಮುನ್ನ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ.

ಒಂದು: ಇದು ಯಾರ ಸಮಸ್ಯೆ? 'ಜನರ ಸಮಸ್ಯೆ' ಎಂದು ಬರೆಯಬೇಡಿ. ಮೀನು ಮಾರುವ ಮಹಿಳೆಗೆ ಮಧ್ಯಾಹ್ನದ ಮೇಲೆ ಮಂಜುಗಡ್ಡೆ ಕರಗುತ್ತದೆ, ಹೊಲಿಗೆ ಕೆಲಸದವರಿಗೆ ಸಂಜೆ ಕಣ್ಣು ಸೋಲುತ್ತದೆ ಎಂಬಂತೆ ನಿರ್ದಿಷ್ಟವಾಗಿ ಬರೆಯಿರಿ. ಹೋಗಿ ಅವರನ್ನೇ ಕೇಳಿ.

ಎರಡು: ಇದನ್ನು ಯಾರು ತಯಾರಿಸಬಲ್ಲರು? ನಿಮ್ಮ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಗುತ್ತದೆಯೇ, ಬಡಗಿಯಿಂದ ಆಗುತ್ತದೆಯೇ, ಅಥವಾ ಕಾರ್ಖಾನೆಯೇ ಬೇಕೇ?

ಮೂರು: ಮೊದಲ ಗ್ರಾಹಕ ಯಾರು? ಪಂಚಾಯತಿಯೇ, ಸಹಕಾರ ಸಂಘವೇ, ಮಸೀದಿ ದೇವಸ್ಥಾನಗಳ ಸಮಿತಿಯೇ, ಆಸ್ಪತ್ರೆಯೇ? ಒಬ್ಬ ಗ್ರಾಹಕನ ಹೆಸರನ್ನೂ ಬರೆಯಲಾಗದಿದ್ದರೆ ಸಿಂಪ್ಯೂಟರನ್ನು ನೆನಪಿಸಿಕೊಳ್ಳಿ.

ನಾಲ್ಕು: ಬಳಸುವವನು ಏನು ಸಂಶಯ ಪಡಬಹುದು? ಅದಕ್ಕೆ ನಿಮ್ಮ ಉತ್ತರವೇನು?

ನಿಮ್ಮ ಶೋಧ ನಿಜಕ್ಕೂ ಹೊಸದಾಗಿದ್ದರೆ ಒಂದು ಎಚ್ಚರಿಕೆ. ಪೇಟೆಂಟ್ ಸಿಗಬೇಕಾದರೆ ಅರ್ಜಿ ಹಾಕುವ ಮುನ್ನ ಅದು ಸಾರ್ವಜನಿಕವಾಗಿ ಬಹಿರಂಗವಾಗಿರಬಾರದು ಎಂಬುದು ಸಾಮಾನ್ಯ ನಿಯಮ. ಪ್ರದರ್ಶನದಲ್ಲಿಟ್ಟು, ವಿಡಿಯೊ ಹಂಚಿ, ಆಮೇಲೆ ಅರ್ಜಿ ಹಾಕಿದರೆ ಕಷ್ಟ. ಮೊದಲು ತಾತ್ಕಾಲಿಕ ಅರ್ಜಿ ಸಲ್ಲಿಸಿ ಹನ್ನೆರಡು ತಿಂಗಳೊಳಗೆ ಪೂರ್ಣ ವಿವರ ಕೊಡುವ ಅವಕಾಶ ನಮ್ಮ ಕಾನೂನಿನಲ್ಲಿದೆ. ಪೇಟೆಂಟಿನ ಅವಧಿ ಇಪ್ಪತ್ತು ವರ್ಷ. ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ದೊಡ್ಡ ರಿಯಾಯಿತಿಯೂ ಇದೆ. ಆದ್ದರಿಂದ ಮೊದಲು ನಿಮ್ಮ ಉಪನ್ಯಾಸಕರ ಬಳಿ ಮಾತನಾಡಿ.

ಕಲಾ ಮತ್ತು ವಾಣಿಜ್ಯ ವಿಭಾಗದವರು ಇದು ನಮ್ಮದಲ್ಲ ಎಂದು ಪುಟ ತಿರುವಬೇಡಿ. ಶಾಯಿಯ ಕಥೆಯಲ್ಲಿ ರಸಾಯನಶಾಸ್ತ್ರ ಒಂದು ಪಾಲು ಮಾತ್ರ. ನಿಯಮ ಬರೆದವರು, ಲೆಕ್ಕ ಹಾಕಿದವರು, ಒಪ್ಪಂದ ಮಾಡಿಸಿದವರು, ಊರೂರಿಗೆ ಸೀಸೆ ತಲುಪಿಸಿದವರು, ಮತದಾರನಿಗೆ ತಿಳಿಹೇಳಿದವರು ಬೇರೆ ಬೇರೆ ವಿಷಯ ಓದಿದವರು. ಮೂರೂ ವಿಭಾಗದ ಒಬ್ಬೊಬ್ಬರು ಸೇರಿದ ತಂಡ ಮಾಡಿದರೆ ನಮ್ಮ ಮಾದರಿಗಳು ಪ್ರದರ್ಶನದ ಮೇಜಿನಿಂದಾಚೆ ಹೋದಾವು.

ಕೊನೆಗೊಂದು ತುರ್ತಿನ ಕೆಲಸ. ಹದಿನೇಳು ತುಂಬಿದವರು ಮತದಾರರ ಪಟ್ಟಿಗೆ ಮುಂಗಡವಾಗಿ ಅರ್ಜಿ ಹಾಕಬಹುದು. ಈಗ ವರ್ಷಕ್ಕೆ ನಾಲ್ಕು ಅರ್ಹತಾ ದಿನಾಂಕಗಳಿವೆ: ಜನವರಿ, ಏಪ್ರಿಲ್, ಜುಲೈ ಮತ್ತು ಅಕ್ಟೋಬರ್ ತಿಂಗಳ ಮೊದಲ ದಿನ. ನಮೂನೆ 6 ತುಂಬಿ, ಹೆಸರಿನ ಕಾಗುಣಿತ ಆಧಾರ್ ಮತ್ತು ಅಂಕಪಟ್ಟಿಗೆ ಹೊಂದುತ್ತದೆಯೇ ಎಂದು ನೋಡಿ. ಮನೆಯಲ್ಲಿ ಅಮ್ಮ, ಅಜ್ಜಿಯ ಹೆಸರು ಪಟ್ಟಿಯಲ್ಲಿ ಸರಿಯಾಗಿದೆಯೇ ಎಂದೂ ಪರೀಕ್ಷಿಸಿ. ಪಟ್ಟಿಯಲ್ಲಿ ಹೆಸರೇ ಇಲ್ಲದಿದ್ದರೆ ಜಗತ್ತಿನ ಯಾವ ಶಾಯಿಯೂ ನಿಮ್ಮ ಬೆರಳಿಗೆ ಬರುವುದಿಲ್ಲ.

ಅಭ್ಯಾಸ

1. ಆವಿಷ್ಕಾರ ಮತ್ತು ನಾವೀನ್ಯತೆಯ ವ್ಯತ್ಯಾಸವನ್ನು ಸಿಂಪ್ಯೂಟರ್ ಮತ್ತು ಶಾಯಿಯ ಉದಾಹರಣೆಗಳಿಂದ ವಿವರಿಸಿ.

2. ಸಿಲ್ವರ್ ನೈಟ್ರೇಟನ್ನು ಕಂದು ಬಣ್ಣದ ಬಾಟಲಿಯಲ್ಲಿ ಇಡುವುದೇಕೆ? ಚರ್ಮದ ಮೇಲಿನ ಗುರುತಿಗಿಂತ ಉಗುರಿನ ಗುರುತು ಹೆಚ್ಚು ಕಾಲ ಉಳಿಯುವುದೇಕೆ?

3. ಒಂದು ಸೀಸೆ ಶಾಯಿ 700 ಜನರಿಗೆ ಸಾಕಾದರೆ, 1,400 ಮತದಾರರಿರುವ ಮತಗಟ್ಟೆಗೆ ಕನಿಷ್ಠ ಎಷ್ಟು ಸೀಸೆ ಬೇಕು? ನಿಖರವಾಗಿ ಅಷ್ಟನ್ನೇ ಕಳಿಸುವುದು ಜಾಣತನವೇ? ಕಾರಣ ಕೊಡಿ.

4. ಪರವೂರು ಪ್ರಕರಣದ ತೀರ್ಪು ಮತಯಂತ್ರದ ಬೆಳವಣಿಗೆಗೆ ಅಡ್ಡಿಯಾಯಿತೇ, ನೆರವಾಯಿತೇ? ಎರಡು ತಂಡಗಳಾಗಿ ಚರ್ಚಿಸಿ.

5. ಚಟುವಟಿಕೆ: ನಿಮ್ಮ ಊರಿನಲ್ಲಿ ಕೈಕೆಲಸದಿಂದ ಬದುಕುವ ಒಬ್ಬರನ್ನು ಭೇಟಿ ಮಾಡಿ. ದಿನದ ಕೆಲಸದಲ್ಲಿ ಅವರಿಗೆ ಅತಿ ಹೆಚ್ಚು ತೊಂದರೆ ಕೊಡುವ ಒಂದು ಸಂಗತಿಯನ್ನು ಅವರದೇ ಮಾತಿನಲ್ಲಿ ಬರೆದುಕೊಂಡು ಬನ್ನಿ. ಉತ್ತರ ಹುಡುಕುವ ಕೆಲಸ ಆಮೇಲೆ. ಮೊದಲು ಪ್ರಶ್ನೆ ಸರಿಯಾಗಿ ಬರೆಯಿರಿ.